ನಿದ್ದೆಗೆಟ್ಟವರ ಬಸ್ಸು

ನಮ್ಮೂರಿನ ಶಾಲೆಯ ಬಸ್ಸನ್ನು ಚೆನ್ನಾಗಿ ನಿದ್ದೆ ಮಾಡುವವರ ಕೈಗೆ ಕೊಡುವುದಿಲ್ಲ. ಬೇರೆ ಊರುಗಳಲ್ಲಿ ರಾತ್ರಿಯೆಲ್ಲ ಸುಖವಾಗಿ ಮಲಗಿ ಎದ್ದವನೇ ಒಳ್ಳೆಯ ಡ್ರೈವರು ಎನ್ನುತ್ತಾರಂತೆ. ನಮ್ಮಲ್ಲಿ ಹಾಗೆ ಮಲಗಿ ಎದ್ದವನು ಎಮ್ಮೆ ಕಾಯಲಿಕ್ಕೆ ಲಾಯಕ್ಕು, ಅದೂ ಕೆರೆಯ ಈಚೆ ದಡದಲ್ಲಿ. ಊರು ಮುಗಿದು ಹುಣಸೆಮರ ದಾಟಿದರೆ ಕೆರೆ ಏರಿ ಶುರುವಾಗುತ್ತದೆ. ಆ ತುದಿಗೆ ತೂಬಿನ ಕಲ್ಲು, ಕಲ್ಲಿನ ಆಚೆಗೆ ಶಾಲೆ. ಈ ಮರಕ್ಕೂ ಆ ಕಲ್ಲಿಗೂ ನಡುವೆ ಯಾರು ಹೋದರೂ ನಿದ್ದೆ ಬಂದುಬಿಡುತ್ತದೆ. ಮಕ್ಕಳಿಗೆ, ಮೇಷ್ಟರಿಗೆ, ಕುರಿಗೆ, ಕುರಿಯ ಮೈಮೇಲೆ ಕೂತ ಕಾಗೆಗೆ. ಬರದಿರುವುದು ವಯಸ್ಸಾಗಿ ನಿದ್ದೆ ಕಳಕೊಂಡವರಿಗೆ ಮಾತ್ರ. ಹಾಸಿಗೆಯ ಮೇಲೆಯೇ ಬಾರದ ನಿದ್ದೆ ಏರಿಯ ಮೇಲೆ ಎಲ್ಲಿಂದ ಬರಬೇಕು.

ಊರು ಇದಕ್ಕೆ ಹೊಂದಿಕೊಂಡು ಎಷ್ಟು ಕಾಲವಾಯಿತೋ. ಮದುವೆಯ ದಿಬ್ಬಣ ಏರಿ ದಾಟಬೇಕಾದರೆ ಗಂಡು, ಹೆಣ್ಣು, ಬೀಗರು, ವಾಲಗದವರು ಎಲ್ಲರನ್ನೂ ಗಾಡಿಗೆ ತುಂಬಿ, ಮುದಿ ಎತ್ತು ಕಟ್ಟಿ, ಹೆಣ್ಣಿನ ಅಜ್ಜಿ ಹಗ್ಗ ಹಿಡಿಯುತ್ತಾಳೆ. ಹುಣಸೆಮರದ ಹತ್ತಿರ ನಿಂತ ವಾಲಗ ತೂಬಿನ ಕಲ್ಲಿನ ಹತ್ತಿರ ಅದೇ ಸ್ವರದಿಂದ ಮುಂದುವರಿಯುತ್ತದೆ. ದೊಡ್ಡ ಅಧಿಕಾರಿಗಳು ಬಂದರೆ ಅವರ ಜೀಪಿನ ಡ್ರೈವರನ್ನು ಪಕ್ಕಕ್ಕೆ ಸರಿಸಿ ನಮ್ಮವರಲ್ಲೊಬ್ಬ ಮುದುಕ ಸ್ಟೇರಿಂಗ್ ಹಿಡಿಯುತ್ತಾನೆ. ನಿದ್ದೆ ಬರೋದಿಲ್ಲ ಎಂದು ಆಸ್ಪತ್ರೆಗೆ ಹೋದ ಮುದುಕರನ್ನು ಡಾಕ್ಟರು ಮೊದಲು ಕೇಳುವುದು ಡ್ರೈವಿಂಗ್ ಲೈಸೆನ್ಸ್ ಇದೆಯಾ ಎಂದು. ಇದೆ ಎಂದರೆ ಮಾತ್ರೆ ಬರೆಯುವುದಿಲ್ಲ, ಕೈಕುಲುಕಿ ಕಳಿಸುತ್ತಾರೆ. ಹೆಣ್ಣು ನೋಡಲು ಹೋದಾಗಲೂ ಅಷ್ಟೆ, ಅವರ ಮನೆಯಲ್ಲಿ ನಿದ್ದೆಗೆಟ್ಟ ಹಿರಿಯರಿದ್ದಾರೆ ಎಂದರೆ ಅದೊಂದು ಅನುಕೂಲವೇ.

ನಾನು ಮುದ್ದೀರಪ್ಪ. ಬೇರೆ ಜಿಲ್ಲೆಗಳಲ್ಲಿ ಸರ್ಕಾರಿ ಬಸ್ಸು ಓಡಿಸಿ, ರಿಟೈರಾಗಿ, ಊರಿಗೆ ಬಂದವನು. ಬಂದ ವರ್ಷವೇ ನನ್ನ ನಿದ್ದೆ ಹೋಯಿತು. ಇದನ್ನು ನಾನು ಬಹಳ ದೊಡ್ಡ ವಿಷಯ ಮಾಡಿಕೊಂಡಿದ್ದೆ. ಲೋಕದ ಬಗ್ಗೆ ಆಳವಾಗಿ ಯೋಚಿಸುವವರಿಗೆ ಹೀಗಾಗುವುದು ಸಹಜ ಎಂದು ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದೆ. ಯಾವ ಲೋಕ, ಏನು ಯೋಚನೆ ಎಂದು ಯಾರೂ ಕೇಳಲಿಲ್ಲ, ಅದು ನನ್ನ ಪುಣ್ಯ. ನಿಜ ಹೇಳಬೇಕೆಂದರೆ ನಾನು ಯೋಚಿಸುತ್ತಿದ್ದದ್ದು ನಾಳೆ ಬೆಳಿಗ್ಗೆ ಎದ್ದು ಏನು ಮಾಡುವುದು ಎಂಬುದನ್ನು, ಅದಕ್ಕೆ ಉತ್ತರ ಸಿಗದೆ ಬೆಳಗಾಗುತ್ತಿತ್ತು.

ಶಾಲೆಯ ಬಸ್ಸಿಗೆ ಡ್ರೈವರು ಬೇಕೆಂದಾಗ ಚೊಂಬಿನ ಪರೀಕ್ಷೆ ಇಟ್ಟರು. ಹುಣಸೆಮರದಿಂದ ನಾಲ್ಕು ಮಾರು ಒಳಗೆ ಒಂದು ಕಲ್ಲುಬೆಂಚಿದೆ. ಅದರ ಮೇಲೆ ಕೂತು, ತುಂಬಿದ ಚೊಂಬನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳಬೇಕು. ಊರವರು ಮರದ ಈಚೆಗೆ ನಿಂತು ನೋಡುತ್ತಾರೆ. ನಿದ್ದೆ ಬಂದವನ ಚೊಂಬು ಮಡಿಲಿಗೆ ಮಗುಚುತ್ತದೆ. ಆ ವರ್ಷ ಉಳಿದವರು ಇಬ್ಬರೇ, ನಾನು ಮತ್ತು ಅಕ್ಕಿ ಗಿರಣಿಯ ಲಾರಿ ಓಡಿಸುತ್ತಿದ್ದ ಚಿಕ್ಕತಾಯಮ್ಮ. ವಯಸ್ಸಿನಲ್ಲಿ ನನಗಿಂತ ದೊಡ್ಡವಳು, ನಿದ್ದೆಗೆಡುವುದರಲ್ಲೂ ದೊಡ್ಡವಳು. ಗಂಡ ಹೋದಾಗಿನಿಂದ ಕಣ್ಣು ಮುಚ್ಚಿಲ್ಲ ಎನ್ನುತ್ತಿದ್ದರು. ಬಿಸಿಲು ಏರಿತು. ಇಬ್ಬರೂ ಗೊಂಬೆಗಳ ಹಾಗೆ ಕೂತಿದ್ದೆವು. ಆಗ ಚಿಕ್ಕತಾಯಮ್ಮ ಎಲ್ಲರೂ ನೋಡುತ್ತಿರುವಂತೆ ಚೊಂಬೆತ್ತಿ ಗಟಗಟ ನೀರು ಕುಡಿದು, ಬಾಯಿ ಒರೆಸಿಕೊಂಡು, "ಬಾಯಾರಿತ್ತು" ಎಂದಳು. ಚೊಂಬು ತುಂಬಿದ ಹಾಗೇ ವಾಪಸ್ಸು ಬರಬೇಕು ಎಂಬುದು ನಿಯಮ. ಎಚ್ಚರವಾಗಿರದೆ ಯಾರಾದರೂ ನೀರು ಕುಡಿಯುತ್ತಾರೆಯೇ ಎಂದು ಅವಳ ಕಡೆಯವರು ವಾದಿಸಿದರು. ನಿಯಮ ನಿಯಮವೇ ಎಂದು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವನು ನಾನು. ಅವತ್ತಿನಿಂದ ಅವಳು ನನ್ನೊಡನೆ ಮಾತು ಬಿಟ್ಟಳು, ನಾನು ಖಾಕಿ ಅಂಗಿ ಹೊಲಿಸಿಕೊಂಡೆ.

ಕೆಲಸ ಚೆನ್ನಾಗಿತ್ತು. ಬೆಳಿಗ್ಗೆ ಓಣಿ ಓಣಿಯಲ್ಲಿ ಮಕ್ಕಳು ಬ್ಯಾಗು ಹೊತ್ತು ಕಾಯುತ್ತಿದ್ದವು. ನನ್ನ ಬಸ್ಸಿನ ಮೂತಿ ಕಂಡರೆ ಸಾಕು, "ಮುದ್ದಜ್ಜ ಬಂತು" ಎಂದು ಕೂಗುವವು. ಹುಣಸೆಮರ ದಾಟುತ್ತಿದ್ದ ಹಾಗೆ ಆ ಗದ್ದಲವೆಲ್ಲ ದೀಪ ಆರಿದಂತೆ ಆರಿ, ಒಂದರ ಮೇಲೊಂದು ಒರಗಿಕೊಂಡು ಮಲಗುತ್ತಿದ್ದವು. ಇಡೀ ಬಸ್ಸಿನಲ್ಲಿ ಎಚ್ಚರವಾಗಿರುವವನು ನಾನೊಬ್ಬನೇ. ಮಕ್ಕಳು ನಿದ್ದೆಯಲ್ಲಿ ಮಾತಾಡುತ್ತವೆ. ಕುಂಬಾರರ ಓಣಿಯ ಭಾಗ್ಯಲತೆ ಎಂಬ ಹುಡುಗಿ ದಿನವೂ ಮಗ್ಗಿ ಹೇಳುತ್ತಿದ್ದಳು, ದಿನವೂ ಏಳೆಂಟ್ಲಿ ಐವತ್ನಾಲ್ಕು ಎನ್ನುತ್ತಿದ್ದಳು. ಲೆಕ್ಕದ ಮೇಷ್ಟರು ಪಕ್ಕದಲ್ಲೇ ಮಲಗಿರುತ್ತಿದ್ದರು, ತಿದ್ದುವಂತಿರಲಿಲ್ಲ. ಅವರೇ ಒಂದು ದಿನ ನಿದ್ದೆಯಲ್ಲಿ, "ನಂಗೆ ಭಿನ್ನರಾಶಿ ಬರಲ್ಲಮ್ಮ" ಎಂದು ಯಾರ ಹತ್ತಿರವೋ ಅತ್ತರು. ಏರಿಯ ಮೇಲೆ ಕೇಳಿದ್ದನ್ನು ಡ್ರೈವರು ಯಾರಿಗೂ ಹೇಳಬಾರದು ಎಂಬುದು ನಮ್ಮೂರ ಕಟ್ಟುಪಾಡು. ನಾನು ಅದನ್ನು ತಪ್ಪದೆ ಪಾಲಿಸಿದೆ. ಯಾರಿಗೂ ಹೇಳಲಿಲ್ಲ, ನನ್ನ ಹೆಂಡತಿ ರುದ್ರಕ್ಕನಿಗೆ ಬಿಟ್ಟು. ಅವಳೂ ಯಾರಿಗೂ ಹೇಳಲಿಲ್ಲ, ಅವಳ ತಂಗಿಗೆ ಬಿಟ್ಟು.

ಹೀಗಿರುವಾಗ ಶಾಲೆಗೆ ವನಮಾಲಾ ಮೇಡಂ ಹೆಡ್‌ಮಿಸ್ಟ್ರೆಸ್ಸಾಗಿ ಬಂದರು. ದೂರದ ಊರಿನವರು. ಮೊದಲ ದಿನ ನನ್ನ ಬಸ್ಸಿನಲ್ಲೇ ಬಂದು, ತೂಬಿನ ಕಲ್ಲಿನ ಹತ್ತಿರ ಎಚ್ಚರಾಗಿ, ಪ್ರಯಾಣದ ಆಯಾಸ ಎಂದುಕೊಂಡರು. ಇಳಿಯುವಾಗ ನನ್ನ ಮುಖ ನೋಡಿದರು, ಆಮೇಲೆ ನನ್ನ ಮೊಣಕಾಲು ನೋಡಿದರು. ವಾರದೊಳಗೆ ಪೋಷಕರ ಸಭೆ ಕರೆದರು. "ಈ ವಯಸ್ಸಲ್ಲಿ ಮಕ್ಕಳ ಬಸ್ ಓಡಿಸೋದು ಸರೀನಾ ಅಂತ ನೀವೇ ಯೋಚನೆ ಮಾಡಿ. ಕಣ್ಣು ಮಂಜಾಗುತ್ತೆ, ಕಿವಿ ಮಂದ ಆಗುತ್ತೆ, ಬ್ರೇಕ್ ಮೇಲೆ ಕಾಲು ಹೋಗೋದು ನಿಧಾನ ಆಗುತ್ತೆ. ನಾನು ಅವರನ್ನ ಅವಮಾನ ಮಾಡ್ತಿಲ್ಲ."

"ಮಾಡಿ ಪರವಾಗಿಲ್ಲ ಮೇಡಂ," ಎಂದ ಹಿಂದಿನಿಂದ ಒಬ್ಬ, "ಅವರಿಗೆ ಅರ್ಧ ಕೇಳ್ಸಲ್ಲ." ಎಲ್ಲರೂ ನಕ್ಕರು. ನನಗೆ ಪೂರ್ತಿ ಕೇಳಿಸಿತ್ತು, ಆದರೂ ಕೇಳಿಸದವನಂತೆ ಕಿವಿಗೆ ಕೈ ಇಟ್ಟು ಇನ್ನಷ್ಟು ನಗಿಸಿದೆ. ಮೇಡಮ್ಮಿಗೆ ಏರಿಯ ವಿಷಯ ತಿಳಿಸಿ ಹೇಳಿದರು. ಅವರು ನಂಬಲಿಲ್ಲ. ಪೇಟೆಯಿಂದ ಒಬ್ಬ ಕಟ್ಟುಮಸ್ತಾದ ಡ್ರೈವರನ್ನು ಕರೆಸಿದರು. ಮಕ್ಕಳಿಲ್ಲದ ಭಾನುವಾರ ಖಾಲಿ ಬಸ್ಸು ಕೊಟ್ಟು ಬಿಟ್ಟೆವು. ಹುಣಸೆಮರ ದಾಟಿದ ಬಸ್ಸು ಸ್ವಲ್ಪ ದೂರ ನೇರ ಹೋಗಿ, ಆಮೇಲೆ ಬಹಳ ಮರ್ಯಾದೆಯಿಂದ, ಆತುರವಿಲ್ಲದೆ, ಕೆರೆಯ ಕಡೆ ಅಲ್ಲದೆ ಗದ್ದೆಯ ಕಡೆ ಇಳಿದು ಕೆಸರಿನಲ್ಲಿ ನಿಂತಿತು. ಮುದಿ ಎತ್ತು ಕಟ್ಟಿ ಎಳೆಸಿ ಏರಿ ದಾಟಿಸಿದ ಮೇಲೆ ಆ ಡ್ರೈವರು ಕಣ್ಣುಜ್ಜಿಕೊಂಡು, "ಸ್ಟಾರ್ಟ್ ಮಾಡ್ಲಾ ಮೇಡಂ?" ಎಂದ.

ಮೇಡಂ ಸುಮ್ಮನಾಗುವ ಹೆಂಗಸಲ್ಲ. ಮತ್ತೆ ಸಭೆ ಕರೆದು, ಓಣಿಗಳಲ್ಲಿ ಪೇಟೆಯವನು ಓಡಿಸಲಿ, ಏರಿಯ ಮೇಲೆ ಮಾತ್ರ ಮುದ್ದೀರಪ್ಪನವರು ಓಡಿಸಲಿ ಎಂದರು. ಕುಂಬಾರರ ಓಣಿಯ ನಿಂಗರಾಜ ಎದ್ದು ನಿಂತು, "ಮೇಡಂ, ಏರೀನೇ ಕಷ್ಟದ ಜಾಗ. ಅಲ್ಲಿಗೆ ಮುದುಕ ಸಾಕು ಅಂದ್ರೆ ನಮ್ಮ ಓಣಿಗೆ ಸಾಲ್ದಾ?" ಎಂದ. ಮೇಡಂ ಇನ್ನೊಂದು ಮಾತು ಕೇಳಿದರು. "ಆಯ್ತು, ವಯಸ್ಸಾದವರೇ ಓಡಿಸಲಿ. ಆದರೆ ನಿಮಗೆ ಬೇಕಾಗಿರೋದು ವಯಸ್ಸಲ್ಲ, ಎಚ್ಚರ. ಸೇರಿಸಿಕೊಳ್ಳುವಾಗ ಒಂದು ಸಲ ಪರೀಕ್ಷೆ ಮಾಡಿದಿರಿ. ಆಮೇಲೆ ಮಾಡಿದೀರಾ? ಹೋದ ನಿದ್ದೆ ವಾಪಸ್ ಬಂದರೆ?"

ಸಭೆಯೇ ಬಿದ್ದು ಬಿದ್ದು ನಕ್ಕಿತು. ಹೋದ ಹಲ್ಲು ವಾಪಸ್ಸು ಬರುತ್ತಾ ಮೇಡಂ ಎಂದರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಅವತ್ತು ಮಧ್ಯಾಹ್ನ ಊಟವಾದ ಮೇಲೆ ಜಗಲಿಯ ಮೇಲೆ ಪೇಪರು ಮುಖಕ್ಕೆ ಹಾಕಿಕೊಂಡು ನಾನು ಗೊರಕೆ ಹೊಡೆದದ್ದು ನನಗೂ ರುದ್ರಕ್ಕನಿಗೂ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ ಎಂದೇ ನಾನು ವಾದಿಸುತ್ತಿದ್ದೆ.

ಅದು ಸುಮಾರು ದಿನಗಳಿಂದ ನಡೆದಿತ್ತು. ರುದ್ರಕ್ಕ ಬಂದು ಹೆಗಲು ತಟ್ಟುವಳು. "ಎದ್ದೇ ಇದೀನಿ," ಎನ್ನುತ್ತಿದ್ದೆ ನಾನು.

"ಗೊರ್ಕೆ ಯಾರ್ದು?"

"ಯೋಚ್ನೆ ಮಾಡ್ತಿದ್ದೆ."

"ಬಾಯಿ ತಕ್ಕೊಂಡು ಯೋಚ್ನೆ ಮಾಡೋರ್ನ ಇವತ್ತೇ ಕಂಡಿದ್ದು. ನೋಡಿ, ನಿಮಗೋಸ್ಕರ ಕಾಯೋರು ಯಾರೂ ಇರ್ಲಿಲ್ಲ, ನಿದ್ದೆ ಹೋಗಿತ್ತು. ಈಗ ಬೆಳಿಗ್ಗೆ ಎದ್ರೆ ಅಷ್ಟು ಮಕ್ಳು ಕಾಯ್ತವೆ. ನಿದ್ದೆ ಬಂತು. ಒಪ್ಕೊಂಡು ಬಿಟ್ಬಿಡಿ."

ಒಪ್ಪಿಕೊಳ್ಳುವುದು ಎಂದರೇನು ಎಂದು ಅವಳಿಗೆ ತಿಳಿಯದು. ಖಾಕಿ ಅಂಗಿ ಬಿಚ್ಚಿಟ್ಟು ಮತ್ತೆ ಕಟ್ಟೆಗೆ ಹೋಗಿ ಕೂರಬೇಕು, ಚಿಕ್ಕತಾಯಮ್ಮ ಆ ದಾರಿಯಲ್ಲಿ ಹೋಗಬೇಕು, ನನ್ನನ್ನು ನೋಡಬೇಕು. ಹಾಗಾಗಿ ನಾನು ನಿದ್ದೆಗೆಡಲು ಶ್ರಮಪಡತೊಡಗಿದೆ. ಕಾಲು ಕುಂಟುವ ಮಂಚದ ಮೇಲೆ ಮಲಗಿದೆ. ಅದು ತೊಟ್ಟಿಲಿನಂತೆ ತೂಗಿ ಇನ್ನೂ ಗಾಢವಾದ ನಿದ್ದೆ ಬಂತು. ಗಂಟಲಿಗೆ ಬರುವಷ್ಟು ಕಾಫಿ ಕುಡಿದೆ. ಹಳೆಯ ಜಗಳಗಳನ್ನು ನೆನಪಿಗೆ ತಂದುಕೊಂಡರೆ ನಿದ್ದೆ ಹಾರುತ್ತದೆ ಎಂದು ಯಾರೋ ಹೇಳಿದ್ದರಿಂದ, ಬದುವಿನ ವಿಷಯಕ್ಕೆ ಬಹಳ ಹಿಂದೆ ಮಾತು ಬಿಟ್ಟಿದ್ದ ನನ್ನ ಭಾವಮೈದ ಸಿದ್ಧಲಿಂಗನ ಮನೆಗೆ ಜಗಳ ಹೊಸದು ಮಾಡಿಕೊಳ್ಳಲು ಹೋದೆ. ಬಾಗಿಲಲ್ಲೇ ನಿಂತು, "ಆ ಬದು ನಂದೇ ಕಣಯ್ಯ," ಎಂದೆ.

"ಹೂಂ ಭಾವ, ನಿಮ್ದೇ," ಎಂದ ಅವನು. "ನಾನೂ ಹೇಳ್ಬೇಕು ಅಂತ ಎಷ್ಟೋ ದಿನದಿಂದ ಅಂದ್ಕೋತಿದ್ದೆ. ಒಳಗೆ ಬನ್ನಿ, ಊಟ ಮಾಡಿ." ಊಟ ಮಾಡಿಸಿ, ಬಾಳೆಗೊನೆಯಲ್ಲಿ ಎರಡು ಚಿಪ್ಪು ಮುರಿದುಕೊಟ್ಟು ಕಳಿಸಿದ. ಅವತ್ತು ರಾತ್ರಿ ಮಲಗಿದ ನಾನು ಬೆಳಿಗ್ಗೆ ಹಾಲಿನವನು ಬಂದಾಗಲೇ ಎದ್ದದ್ದು.

ಕೊನೆಗೆ ಉಳಿದದ್ದು ಹಸಿಮೆಣಸಿನಕಾಯಿ. ಹುಣಸೆಮರ ಬರುತ್ತಿದ್ದಂತೆ ಒಂದನ್ನು ಬಾಯಿಗೆ ಹಾಕಿಕೊಂಡು ಕಚ್ಚುತ್ತಿದ್ದೆ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಎಚ್ಚರವಿರುತ್ತಿತ್ತು. ಅಳುತ್ತಾ ಬಸ್ಸು ಓಡಿಸುವ ಡ್ರೈವರನ್ನು ನೋಡಲು ಒಳಗೆ ಯಾರೂ ಎಚ್ಚರವಿರಲಿಲ್ಲವಲ್ಲ. ಇದರಲ್ಲಿ ನನ್ನದೊಂದು ಜಾಣತನವಿದೆ ಎಂದೇ ತಿಳಿದಿದ್ದೆ. ಬೇಕಾದರೆ ಇನ್ನೂ ಖಾರದ ಜಾತಿ ಸಿಗುತ್ತದೆ ಎಂದು ಸಂತೆಯಲ್ಲಿ ವಿಚಾರಿಸಿಯೂ ಇಟ್ಟಿದ್ದೆ.

ಆ ದಿನ ಬೆಳಿಗ್ಗೆ ತಣ್ಣಗೆ ಗಾಳಿ ಬೀಸುತ್ತಿತ್ತು. ಮೆಣಸಿನಕಾಯಿ ಕಚ್ಚಿದೆ, ಖಾರವಾಯಿತು. ಕೆರೆಯಲ್ಲಿ ನೀರುಕೋಳಿ ಈಜುತ್ತಿದ್ದದ್ದು ಕಂಡಿತು. ಹಿಂದೆ ಭಾಗ್ಯಲತೆ ಏಳನೇ ಮಗ್ಗಿ ಶುರು ಮಾಡಿದ್ದಳು. ಏಳೊಂದ್ಲಿ ಏಳು, ಏಳೆರಡ್ಲಿ ಹದಿನಾಲ್ಕು. ಅದು ಯಾವಾಗ ದೂರವಾಯಿತೋ ತಿಳಿಯಲಿಲ್ಲ. ಹಿಂದಿನ ಸೀಟಿನಲ್ಲಿ ಯಾವುದೋ ಮಗುವಿನ ಮಡಿಲಿನಿಂದ ಊಟದ ಡಬ್ಬಿ ಜಾರಿ ಢಣ್ಣೆಂದು ಬಿತ್ತು. ಕಣ್ಣು ಬಿಟ್ಟೆ. ಎದುರಿಗೆ ರಸ್ತೆ ಇರಲಿಲ್ಲ, ನೀರಿತ್ತು.

ಬ್ರೇಕು ಹೇಗೆ ತುಳಿದೆನೋ ನನಗೆ ಗೊತ್ತಿಲ್ಲ. ಮುಂದಿನ ಚಕ್ರ ಏರಿಯ ಅಂಚಿನ ಕಲ್ಲಿಗೆ ಒತ್ತಿಕೊಂಡು ನಿಂತಿತು. ಒಂದು ಮಗುವೂ ಏಳಲಿಲ್ಲ. ಎಲ್ಲವೂ ಒಂದು ಕಡೆಗೆ ಜರುಗಿ, ಮತ್ತೆ ಒಂದಕ್ಕೊಂದು ಒರಗಿಕೊಂಡು ಮಲಗಿದವು. ಭಾಗ್ಯಲತೆ ಏಳೆಂಟ್ಲಿ ಐವತ್ನಾಲ್ಕು ಎಂದಳು. ನಾನು ಸ್ಟೇರಿಂಗ್ ಹಿಡಿದು ಹಾಗೇ ಕೂತೆ. ಆ ಹುಡುಗಿ ಸರಿಯಾದ ಉತ್ತರ ಕಲಿಯುವುದು ಇನ್ನೂ ಬಾಕಿ ಇತ್ತು. ಗೇರು ಹಿಂದಕ್ಕೆ ಹಾಕಿ, ರಸ್ತೆಗೆ ತಂದು, ಎದ್ದು ನಿಂತುಕೊಂಡೇ ಬಸ್ಸು ಓಡಿಸಿ ತೂಬಿನ ಕಲ್ಲು ದಾಟಿಸಿದೆ. ಮಕ್ಕಳು ಕಣ್ಣುಜ್ಜಿಕೊಂಡು, "ಮುದ್ದಜ್ಜ, ಶಾಲೆ ಬಂತಾ?" ಎಂದು ದಿನದಂತೆ ಇಳಿದು ಹೋದವು.

ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗುವ ದಾರಿಯೂ ಇರಲಿಲ್ಲ. ನಾಳೆಯಿಂದ ಎರಡು ಮೆಣಸಿನಕಾಯಿ ಎಂಬ ಯೋಚನೆ ಬಂದದ್ದೂ ನಿಜ, ಅದನ್ನು ಮುಚ್ಚಿಟ್ಟು ದೊಡ್ಡವನಾಗಲಾರೆ. ಆದರೆ ಖಾಲಿ ಬಸ್ಸನ್ನು ವಾಪಸ್ಸು ತರುವಾಗ, ಕಿಟಕಿಯಿಂದ ತಲೆ ಹೊರಗೆ ಹಾಕಿ ಗಂಟಲು ಹರಿಯುವಂತೆ ಸೋಬಾನೆ ಪದ ಹಾಡುತ್ತಾ ಆ ಅಂಚಿನ ಕಲ್ಲನ್ನು ದಾಟಿದೆ. ಕಲ್ಲು ತನ್ನ ಜಾಗದಿಂದ ಕೆರೆಯ ಕಡೆಗೆ ಒಂದು ಗೇಣು ಸರಿದಿತ್ತು. ಬಸ್ಸನ್ನು ಮನೆಗೆ ತರಲಿಲ್ಲ, ಚಿಕ್ಕತಾಯಮ್ಮನ ಅಂಗಳಕ್ಕೆ ತಂದು ನಿಲ್ಲಿಸಿದೆ.

ಅವಳು ಎಲೆಗೆ ಸುಣ್ಣ ಸವರುತ್ತಾ ಕೂತಿದ್ದಳು. ತಲೆ ಎತ್ತಲಿಲ್ಲ. "ಇದೇನ್ ಡ್ರೈವರ್ ಸಾಹೇಬ್ರು ದಾರಿ ತಪ್ಪಿ ಬಂದ್ರು," ಎಂದು ಸುಣ್ಣದ ಡಬ್ಬಿಗೆ ಹೇಳಿದಳು.

"ನಾಳೆಯಿಂದ ಬಸ್ಸು ನೀನು ಓಡ್ಸು ತಾಯಮ್ಮ. ನಾಳೆಯಿಂದ ಯಾಕೆ, ಇವತ್ತು ಸಾಯಂಕಾಲದಿಂದ್ಲೇ."

"ಯಾಕೆ, ಮಂಡಿ ನೋವಾ?"

"ಅಲ್ಲ."

"ಕಣ್ಣಾ?"

"ಕಣ್ಣು ಚೆನ್ನಾಗಿದೆ. ಅದೇ ತೊಂದ್ರೆ. ಚೆನ್ನಾಗಿ ಮುಚ್ಕೋತಿದೆ."

ಆಗ ತಲೆ ಎತ್ತಿದಳು. ಎಲೆ ಕೈಯಲ್ಲೇ ಉಳಿಯಿತು. ನಗುತ್ತಾಳೆ ಎಂದುಕೊಂಡಿದ್ದೆ, ನಗಲಿಲ್ಲ. ಬಹಳ ಹೊತ್ತು ನನ್ನ ಮುಖ ನೋಡಿ, "ಹೆಂಗಿರುತ್ತೆ?" ಎಂದು ಕೇಳಿದಳು.

"ಏನು?"

"ನಿದ್ದೆ. ಮರ್ತೇ ಹೋಗಿದೆ ನಂಗೆ."

ನಾನು ಹೇಗಿರುತ್ತದೆ ಎಂದು ಹೇಳಲು ಹೋಗಿ, ಹೇಳಲು ಬಾರದೆ, "ಬಾಳೆಹಣ್ಣು ತಿಂದ ಹಂಗಿರುತ್ತೆ," ಎಂದೆ. ನನ್ನ ಬಾಯಿಂದ ಬಂದ ಉತ್ತರ ಅದು. ಈಗ ಅವಳು ನಕ್ಕಳು. ಆಮೇಲೆ ಸೆರಗು ಬಿಗಿದು ಎದ್ದು, "ಬರ್ತೀನಿ. ಆದ್ರೆ ಮೇಡಂಗೆ ನೀನೇ ಹೇಳ್ಬೇಕು, ನಿನ್ನ ಬಾಯಲ್ಲೇ. ಮುದುಕಿ ಕಿತ್ಕೊಂಡ್ಲು ಅನ್ನೋ ಮಾತು ನಂಗೆ ಬೇಡ," ಎಂದಳು.

ಸಾಯಂಕಾಲ ಅವಳೇ ಓಡಿಸಿದಳು. ಹುಣಸೆಮರ ದಾಟಿದ್ದು ನನಗೆ ನೆನಪಿದೆ, ತೂಬಿನ ಕಲ್ಲಿನ ಹತ್ತಿರ ಅವಳು ಮೊಣಕೈಯಿಂದ ತಿವಿದದ್ದು ನೆನಪಿದೆ. ಮೇಡಮ್ಮಿಗೆ ಎಲ್ಲ ಹೇಳಿದೆ, ಅಂಚಿನ ಕಲ್ಲಿನ ವಿಷಯವನ್ನೂ. ಅವರ ಮುಖ ಬಿಳಿಚಿಕೊಂಡಿತು. ಬೈಯುತ್ತಾರೆಂದು ಕಾದೆ. "ಅವತ್ತು ನಾನು ಕೇಳಿದಾಗ ನೀವೇ ಎಲ್ಲರಿಗಿಂತ ಜೋರಾಗಿ ನಕ್ಕಿರಿ," ಎಂದರು ಅಷ್ಟೆ. ಅದಕ್ಕಿಂತ ಬೈದಿದ್ದರೆ ವಾಸಿಯಿತ್ತು. ಡ್ರೈವರು ಯಾರು ಎಂಬುದಕ್ಕಿಂತ ಪರೀಕ್ಷೆ ಮುಖ್ಯ, ಇನ್ನು ಮೇಲೆ ಶಾಲೆ ಶುರುವಾಗುವಾಗಲೂ ದಸರಾ ರಜೆ ಮುಗಿದಾಗಲೂ ಚೊಂಬು ಹಿಡಿಸಬೇಕು, ಮೊದಲು ನಿಮ್ಮಿಬ್ಬರಿಗೂ ಎಂದರು.

ಹಾಗಾಗಿ ಭಾನುವಾರ ಊರಿಗೆ ಊರೇ ಹುಣಸೆಮರದ ಕೆಳಗೆ ಸೇರಿತು. ಸುಳ್ಳು ಹೇಳುವುದಿಲ್ಲ, ನನಗೆ ಒಳಗೊಳಗೇ ಆಸೆಯಿತ್ತು. ಜನರ ಮುಂದೆ ಒಂದು ಹಠ ಬರುತ್ತದೆ, ಹಠಕ್ಕೆ ಎಚ್ಚರ ಬರುತ್ತದೆ, ಮೇಡಮ್ಮೇ ಬಂದು, ಮುದ್ದೀರಪ್ಪನವರೇ ನೀವೇ ಇರಿ ಎನ್ನುತ್ತಾರೆ. ಇಷ್ಟನ್ನು ಯೋಚಿಸುತ್ತಾ ಚೊಂಬು ಹಿಡಿದು ಬೆಂಚಿನ ಕಡೆ ನಡೆದೆ. ಮುಂದಿನದು ಬೇರೆಯವರು ಹೇಳಿದ್ದು. ಬೆಂಚಿನ ತನಕ ನಾನು ತಲುಪಲೇ ಇಲ್ಲವಂತೆ. ಎರಡು ಹೆಜ್ಜೆ ಬಾಕಿ ಇರುವಾಗಲೇ ನೆಲಕ್ಕೆ ಕೂತು, ಚೊಂಬನ್ನು ತಲೆದಿಂಬಿನ ಹಾಗೆ ಕೆನ್ನೆಯಡಿ ಇಟ್ಟುಕೊಂಡು, ನೀರೆಲ್ಲ ಅಂಗಿಯ ಮೇಲೆ ಹರಿಯುತ್ತಿದ್ದರೂ ಬಿಡದೆ ಮಲಗಿದೆನಂತೆ. ಮೊದಲೇ ನನ್ನ ಸೊಂಟಕ್ಕೆ ಕಟ್ಟಿದ್ದ ಹಗ್ಗ ಹಿಡಿದು ಮರದ ಈಚೆಗೆ ಎಳೆದವಳು ರುದ್ರಕ್ಕ. ಚಿಕ್ಕತಾಯಮ್ಮ ಮಾತ್ರ ಬೆನ್ನು ನೆಟ್ಟಗೆ ಮಾಡಿ ಕೊನೆಯ ತನಕ ಕೂತಿದ್ದಳು. ಅವತ್ತು ಮನೆಯಿಂದಲೇ ನೀರು ಕುಡಿದು ಬಂದಿದ್ದಳು.

ಕಟ್ಟೆಯ ಮೇಲೆ ಕೂರುವುದು ನನ್ನ ಹಣೆಯಲ್ಲಿ ಬರೆದಿರಲಿಲ್ಲ. ಎರಡನೆಯ ದಿನವೇ ಚಿಕ್ಕತಾಯಮ್ಮ ಮೇಡಮ್ಮಿನ ಹತ್ತಿರ ಹೋಗಿ, "ನಂಗೆ ಈ ಮಕ್ಳ ಮುಖ ಎಲ್ಲಾ ಒಂದೇ ಥರ ಕಾಣ್ತವೆ. ಯಾವುದು ಎಲ್ಲಿ ಹತ್ತುತ್ತೆ, ಯಾವುದು ಬಂದಿಲ್ಲ ಅಂತ ನೋಡೋಕೆ ಆ ನಿದ್ದೆಗಣ್ಣನ್ನ ಕಳ್ಸಿ," ಎಂದಳು. ಈಗ ನಾನು ಮುಂದಿನ ಸೀಟಿನಲ್ಲಿ ಅವಳ ಪಕ್ಕ ಕೂರುತ್ತೇನೆ. ಓಣಿಗಳಲ್ಲಿ ಮಕ್ಕಳನ್ನು ಹತ್ತಿಸಿಕೊಳ್ಳುತ್ತೇನೆ, ಹೆಸರು ಕೂಗುತ್ತೇನೆ, ಹುಣಸೆಮರದ ತನಕ ಅವಳ ಗೇರು ಹಾಕುವ ರೀತಿಗೆ ತಪ್ಪು ಹುಡುಕುತ್ತೇನೆ. ಆಮೇಲೆ ನಾವೆಲ್ಲ ಮಲಗುತ್ತೇವೆ. ತೂಬಿನ ಕಲ್ಲಿನ ಹತ್ತಿರ ಎದ್ದು ಬಾಯಿ ಒರೆಸಿಕೊಳ್ಳುವಾಗ ಲೆಕ್ಕದ ಮೇಷ್ಟರೂ ನಾನೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ.

ನನ್ನನ್ನು ಕೊರೆಯುತ್ತಿದ್ದದ್ದು ಒಂದೇ. ಅಷ್ಟು ವರ್ಷ ಎಲ್ಲರ ಮಾತು ಕೇಳಿಸಿಕೊಂಡವನು ನಾನು, ಈಗ ನನ್ನ ಮಾತನ್ನು ಚಿಕ್ಕತಾಯಮ್ಮ ಕೇಳಿಸಿಕೊಳ್ಳುತ್ತಿದ್ದಾಳೆ. ಏರಿಯ ಮೇಲೆ ನಾನು ಏನಾದರೂ ಮಾತಾಡುತ್ತೀನಾ ಎಂದು ಒಂದು ದಿನ ಕೇಳಿಯೇಬಿಟ್ಟೆ.

"ಕಟ್ಟುಪಾಡು ಗೊತ್ತಲ್ಲ," ಎಂದಳು. "ಡ್ರೈವರಾದೋಳು ಹೇಳಂಗಿಲ್ಲ."

"ನಂದೇ ಮಾತು ನಂಗೆ ಹೇಳೋಕೇನು?"

"ನಿಯಮ ನಿಯಮವೇ," ಎಂದು ಗೇರು ಹಾಕಿದಳು. ಚೊಂಬಿನ ದಿನ ನಾನು ಹೇಳಿದ್ದ ಅದೇ ಗಂಟಲಲ್ಲಿ.

ಅವತ್ತು ಮನೆಗೆ ಬಂದು ಊಟಕ್ಕೆ ಕೂತೆ. ರುದ್ರಕ್ಕ ಸಾರು ಬಡಿಸುತ್ತಾ ಬಡಿಸುತ್ತಾ ಸುಮ್ಮಸುಮ್ಮನೆ ನಗುತ್ತಿದ್ದಳು. ಏನು ಎಂದರೆ ಏನಿಲ್ಲ ಎಂದಳು. ಮತ್ತೆ ಕೇಳಿದೆ.

"ಬೆಳಿಗ್ಗೆ ಬಾವಿ ಹತ್ರ ತಾಯಮ್ಮ ಸಿಕ್ಕಿದ್ಲು," ಎಂದಳು. "ಯಾರಿಗೂ ಹೇಳ್ಬೇಡ ಅಂದಿದಾಳೆ. ಹುಣಸೆಮರದಿಂದ ತೂಬಿನ ತನಕ ಬಾಯಿ ತಕ್ಕೊಂಡು, ಅವಳ ಹೆಗಲ ಮೇಲೆ ತಲೆ ಇಟ್ಕೊಂಡು, ದಿನಾ ಒಂದೇ ಮಾತಂತೆ ನೀವು ಹೇಳೋದು."

"ಏನಂತೆ?"

"ಎದ್ದೇ ಇದೀನಿ ಮಕ್ಳಾ, ಎದ್ದೇ ಇದೀನಿ."